ಕರ್ನಾಟಕದಲ್ಲಿ ಸ್ಮಾರ್ಟ್ ಸಾರಿಗೆ ಸಂಶೋಧನೆ

ಕರ್ನಾಟಕದಲ್ಲಿ ಸ್ಮಾರ್ಟ್ ಸಾರಿಗೆ ಸಂಶೋಧನೆ ಎಂಬುದು ರಸ್ತೆ, ಬಸ್ಸು, ಸಿಗ್ನಲ್ ಹಾಗೂ ವಾಹನಗಳ ನಿರ್ವಹಣೆಯಲ್ಲಿ ಕ್ಯಾಮೆರಾ, ಸೆನ್ಸರ್ ಮತ್ತು ಕಂಪ್ಯೂಟರ್ ವಿಶ್ಲೇಷಣೆಯನ್ನು ಬಳಸುವ ಕುರಿತು ರಾಜ್ಯದ ಉನ್ನತ ಶಿಕ್ಷಣ ಸಂಸ್ಥೆಗಳು ಸರ್ಕಾರ ಮತ್ತು ಉದ್ಯಮಗಳೊಡನೆ ನಡೆಸುತ್ತಿರುವ ಅಧ್ಯಯನವಾಗಿದೆ. ಇದರ ಮುಖ್ಯ ನೆಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ವಿದೇಶಗಳಲ್ಲಿ ರೂಪುಗೊಂಡ ಸಂಚಾರ ಮಾದರಿಗಳು ಇಲ್ಲಿನ ರಸ್ತೆಗಳಿಗೆ ಒಗ್ಗುವುದಿಲ್ಲವೆಂಬ ಅರಿವು ಈ ಕೆಲಸದ ಬಹುಭಾಗಕ್ಕೆ ತಳಹದಿಯಾಗಿದೆ. ಆದರೆ ಇದರ ಪ್ರಮುಖ ಯೋಜನೆಗಳು ರಾಜಧಾನಿಯ ದಟ್ಟಣೆಯನ್ನೇ ಕುರಿತಿವೆ. ಸಿಮೆಂಟ್ ಸಾಗಣೆಯ ಭಾರ ಹೊತ್ತಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ರಸ್ತೆಗಳ ಸಮಸ್ಯೆ ಬೇರೆಯೇ ಆಗಿದೆ.

ಹಿನ್ನೆಲೆ

2009ರಲ್ಲಿ ಕರ್ನಾಟಕ ಸರ್ಕಾರದ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂಲಸೌಕರ್ಯ, ಸುಸ್ಥಿರ ಸಾರಿಗೆ ಮತ್ತು ನಗರ ಯೋಜನೆಗಳ ಅಧ್ಯಯನ ಕೇಂದ್ರವು ಆರಂಭವಾಯಿತು. ಇದು ಸಿಸ್ಟಪ್ ಎಂಬ ಹ್ರಸ್ವನಾಮದಿಂದ ಪರಿಚಿತವಾಗಿದೆ. 2011ರಲ್ಲಿ ಅದೇ ಆವರಣದಲ್ಲಿ ಸೈಬರ್-ಭೌತಿಕ ವ್ಯವಸ್ಥೆಗಳಿಗಾಗಿ ರಾಬರ್ಟ್ ಬಾಷ್ ಕೇಂದ್ರವು ಸ್ಥಾಪನೆಗೊಂಡಿತು. ಮುಂದೆ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದೊಡನೆ ಸೇರಿ ಸಂಸ್ಥೆಯು ನಗರಗಳ ದತ್ತಾಂಶವನ್ನು ಹಂಚಿಕೊಳ್ಳುವ ವೇದಿಕೆಯೊಂದನ್ನು ರೂಪಿಸಿತು. ಬಸ್ಸುಗಳ ನೆಲೆ, ಸಿಗ್ನಲ್‌ಗಳ ಸ್ಥಿತಿ ಮುಂತಾದ ಮಾಹಿತಿಯು ಆಯಾ ಇಲಾಖೆಯೊಳಗೇ ಉಳಿಯದೆ ಸಂಶೋಧಕರಿಗೂ ತಂತ್ರಾಂಶ ರಚಿಸುವವರಿಗೂ ದೊರೆಯಬೇಕೆಂಬುದು ಅದರ ಉದ್ದೇಶ.

ಮಿಶ್ರ ಸಂಚಾರ

ಅಮೆರಿಕ ಮತ್ತು ಯೂರೋಪಿನ ಸಂಚಾರ ಸಿದ್ಧಾಂತಗಳು ಎರಡು ಸಂಗತಿಗಳನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತವೆ. ವಾಹನಗಳು ತಮ್ಮ ಪಥದಲ್ಲಿ ಒಂದರ ಹಿಂದೊಂದು ಸಾಗುತ್ತವೆ ಎಂಬುದು ಒಂದು. ಅವುಗಳಲ್ಲಿ ಬಹುಪಾಲು ಕಾರುಗಳೇ ಎಂಬುದು ಇನ್ನೊಂದು. ಬೆಂಗಳೂರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ಇವೆರಡೂ ನಿಜವಲ್ಲ. ಕೆಂಪು ದೀಪ ಬಿದ್ದಾಗ ದ್ವಿಚಕ್ರ ವಾಹನಗಳು ಬಸ್ಸು ಕಾರುಗಳ ನಡುವಿನ ಸಂದಿಯಲ್ಲಿ ನುಸುಳಿ ಮುಂಚೂಣಿಗೆ ಬರುತ್ತವೆ. ಸಾಲು ಉದ್ದಕ್ಕೆ ಬೆಳೆಯುವ ಬದಲು ಅಗಲಕ್ಕೆ ಬೆಳೆಯುತ್ತದೆ. ಪಥಕ್ಕೊಂದರಂತೆ ನೆಲದಲ್ಲಿ ಹೂಳುವ ಸೆನ್ಸರ್ ಇಂತಹ ಸಾಲನ್ನು ಸರಿಯಾಗಿ ಎಣಿಸಲಾರದು.

ಎಣಿಸಿದ ಮೇಲೂ ತೊಡಕು ಮುಗಿಯುವುದಿಲ್ಲ. ರಸ್ತೆಯ ಸಾಮರ್ಥ್ಯವನ್ನು ಲೆಕ್ಕ ಹಾಕಲು ಪ್ರತಿಯೊಂದು ವಾಹನವನ್ನೂ ಇಂತಿಷ್ಟು ಕಾರುಗಳಿಗೆ ಸಮ ಎಂದು ಪರಿವರ್ತಿಸಬೇಕಾಗುತ್ತದೆ. ನಗರ ರಸ್ತೆಗಳ ಕುರಿತ ಭಾರತೀಯ ರಸ್ತೆ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಲ್ಲಿ ದ್ವಿಚಕ್ರ ವಾಹನಕ್ಕೆ ಒಂದೇ ಬೆಲೆಯಿಲ್ಲ: ಒಟ್ಟು ಸಂಚಾರದಲ್ಲಿ ಅದರ ಪಾಲು ಶೇಕಡಾ 5ರಷ್ಟಿದ್ದರೆ 0.5, ಶೇಕಡಾ 10 ಅಥವಾ ಹೆಚ್ಚಿದ್ದರೆ 0.75. ದ್ವಿಚಕ್ರ ವಾಹನಗಳೇ ಅರ್ಧಕ್ಕಿಂತ ಹೆಚ್ಚಿರುವ ಇಂದಿನ ರಸ್ತೆಗೆ ಈ ಕೋಷ್ಟಕ ಹೊಂದುವುದೇ ಎಂಬುದು ಸಹಜವಾದ ಪ್ರಶ್ನೆ.

ಸಿಗ್ನಲ್ ವ್ಯವಸ್ಥೆಯ ಸುಧಾರಣೆಯೂ ಈ ಎಣಿಕೆಯನ್ನೇ ಅವಲಂಬಿಸಿದೆ. ಹಳೆಯ ಸಿಗ್ನಲ್‌ಗಳು ಮೊದಲೇ ನಿಗದಿಪಡಿಸಿದ ಅವಧಿಗೆ ತಕ್ಕಂತೆ ದೀಪ ಬದಲಿಸುತ್ತವೆ. ಹೊಂದಾಣಿಕೆಯ ಸಿಗ್ನಲ್‌ಗಳು ಬರುತ್ತಿರುವ ವಾಹನಗಳನ್ನು ಗುರುತಿಸಿ ಹಸಿರು ದೀಪದ ಕಾಲವನ್ನು ಹಿಗ್ಗಿಸುತ್ತವೆ ಅಥವಾ ಕುಗ್ಗಿಸುತ್ತವೆ. ಸಿ-ಡ್ಯಾಕ್ ಅಭಿವೃದ್ಧಿಪಡಿಸಿದ ಇಂತಹ ವ್ಯವಸ್ಥೆಯನ್ನು 2024ರಲ್ಲಿ ಬೆಂಗಳೂರಿನ ಜಂಕ್ಷನ್‌ಗಳಲ್ಲಿ ಅಳವಡಿಸತೊಡಗಲಾಯಿತು.

ಆಟೊ ಗುರುತಿಸದ ಕಂಪ್ಯೂಟರ್

ಚಿತ್ರದಲ್ಲಿರುವ ವಸ್ತುಗಳನ್ನು ಗುರುತಿಸಲು ಕಂಪ್ಯೂಟರ್‌ಗೆ ಕಲಿಸುವಾಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕೊಕೊ ಎಂಬ ಚಿತ್ರಸಂಗ್ರಹದಲ್ಲಿ 80 ವರ್ಗಗಳಿವೆ. ಕಾರು, ಬಸ್ಸು, ಲಾರಿ, ಸೈಕಲ್ ಮಾತ್ರವಲ್ಲದೆ ವಿಮಾನ, ದೋಣಿಗಳೂ ಅದರಲ್ಲಿವೆ, ಆಟೊರಿಕ್ಷಾ ಇಲ್ಲ. ಅದರಿಂದ ಕಲಿತ ಕಂಪ್ಯೂಟರ್‌ಗೆ ಆಟೊ ಎಂಬುದೊಂದು ವಾಹನವಿದೆಯೆಂದೇ ತಿಳಿದಿರುವುದಿಲ್ಲ.

2024ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರಗಳು ಮತ್ತು ಬೆಂಗಳೂರು ಸಂಚಾರ ಪೊಲೀಸರು ಸೇರಿ ಬೆಂಗಳೂರು ಮೊಬಿಲಿಟಿ ಚಾಲೆಂಜ್ ಎಂಬ ಸ್ಪರ್ಧೆಯನ್ನು ನಡೆಸಿದರು. ಸೇಫ್ ಸಿಟಿ ಕ್ಯಾಮೆರಾಗಳ ದೃಶ್ಯಗಳಿಂದ ಜಂಕ್ಷನ್‌ನಲ್ಲಿ ಯಾವ ದಿಕ್ಕಿಗೆ ಎಷ್ಟು ವಾಹನಗಳು ತಿರುಗುತ್ತವೆ ಎಂದು ಅಂದಾಜಿಸುವುದು ಅದರ ಒಂದು ಸವಾಲಾಗಿತ್ತು. ಇದರ ಮುಂದಿನ ಹೆಜ್ಜೆಯೆನ್ನಬಹುದಾದ ಯುವಿಎಚ್-26 ಎಂಬ ಚಿತ್ರಸಂಗ್ರಹವನ್ನು ಸಂಸ್ಥೆಯು 2025ರಲ್ಲಿ ಪ್ರಕಟಿಸಿತು. ನಗರದ ಸುಮಾರು 2,800 ಕ್ಯಾಮೆರಾಗಳಿಂದ ಆಯ್ದ 26,646 ಚಿತ್ರಗಳು ಅದರಲ್ಲಿವೆ. ದೇಶದ ವಿವಿಧ ಕಾಲೇಜುಗಳ 565 ವಿದ್ಯಾರ್ಥಿಗಳು ಪ್ರತಿಯೊಂದು ವಾಹನದ ಸುತ್ತ ಚೌಕ ಎಳೆದು, ಅದನ್ನು 14 ವರ್ಗಗಳಲ್ಲಿ ಒಂದಕ್ಕೆ ಸೇರಿಸಿದರು. ಹೀಗೆ ಎಳೆದ ಚೌಕಗಳ ಸಂಖ್ಯೆ ಸುಮಾರು 18 ಲಕ್ಷ. ತ್ರಿಚಕ್ರ ವಾಹನ, ಟೆಂಪೊ ಟ್ರಾವೆಲರ್, ಮಿನಿ ಬಸ್ಸುಗಳಿಗೂ ಇಲ್ಲಿ ಪ್ರತ್ಯೇಕ ವರ್ಗಗಳಿವೆ. ಈ ಸಂಗ್ರಹದಿಂದ ಕಲಿತ ಮಾದರಿಗಳು ಕೊಕೊದಿಂದ ಕಲಿತವುಗಳಿಗಿಂತ ಬೆಂಗಳೂರಿನ ವಾಹನಗಳನ್ನು ಗಣನೀಯವಾಗಿ ಉತ್ತಮವಾಗಿ ಗುರುತಿಸಿದವು. ಹೊಸ ಸಿದ್ಧಾಂತಕ್ಕಿಂತ ತಾಳ್ಮೆಯ ಕೈಕೆಲಸವೇ ಇಲ್ಲಿ ಹೆಚ್ಚು ಫಲ ನೀಡಿತೆನ್ನಬೇಕು.

ಬಸ್ಸು ಸಾರಿಗೆ

ಕ.ರಾ.ರ.ಸಾ. ನಿಗಮವು ವಿಶ್ವ ಬ್ಯಾಂಕಿನ ನೆರವಿನ ಯೋಜನೆಯಡಿ 2012ರಲ್ಲಿ ಮೈಸೂರಿನ ಸುಮಾರು 500 ನಗರ ಬಸ್ಸುಗಳಿಗೆ ಜಿಪಿಎಸ್ ಆಧಾರಿತ ವ್ಯವಸ್ಥೆಯನ್ನು ಅಳವಡಿಸಿ, ಬಸ್ಸು ಬರುವ ಸಮಯವನ್ನು ನಿಲ್ದಾಣಗಳ ಫಲಕಗಳಲ್ಲಿ ತೋರಿಸತೊಡಗಿತು. ಬೆಂಗಳೂರಿನ ಬಿಎಂಟಿಸಿ 2016ರಲ್ಲಿ ಇದೇ ಹಾದಿ ಹಿಡಿಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಪ್ರತ್ಯೇಕ ಪಥದ ಚಿಗರಿ ಬಸ್ಸುಗಳ ಸಂಚಾರ 2018ರಲ್ಲಿ ಆರಂಭವಾಯಿತು.

ಉದ್ಯೋಗಗಳ ನೆಲೆ

ಸಂಶೋಧನೆಯು ಉದ್ಯೋಗವನ್ನು ತರುತ್ತದೆ ಎಂಬ ಮಾತು ಕರ್ನಾಟಕದ ಮಟ್ಟಿಗೆ ಭಾಗಶಃ ಮಾತ್ರ ನಿಜ. ವಿದ್ಯುತ್ ವಾಹನಗಳಿಗಾಗಿ 2017ರಲ್ಲಿ ನೀತಿಯನ್ನು ಪ್ರಕಟಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ಬಾಷ್, ಮರ್ಸಿಡಿಸ್-ಬೆಂಜ್ ಮೊದಲಾದ ಕಂಪನಿಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಆದರೆ ಬೆಂಗಳೂರಿನಲ್ಲೇ ಪ್ರಧಾನ ಕಚೇರಿ ಹೊಂದಿರುವ ಏಥರ್ ಎನರ್ಜಿ ತನ್ನ ಸ್ಕೂಟರ್‌ಗಳನ್ನು ತಯಾರಿಸುವುದು ತಮಿಳುನಾಡಿನ ಹೊಸೂರಿನಲ್ಲಿ. ಓಲಾ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯೂ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಸ್ನಾತಕೋತ್ತರ ಪದವೀಧರರ ಕೆಲಸ ರಾಜಧಾನಿಯಲ್ಲಿ ಉಳಿದು, ಐಟಿಐ ಮತ್ತು ಡಿಪ್ಲೊಮಾ ಓದಿದವರ ಕೆಲಸ ನೆರೆರಾಜ್ಯಕ್ಕೆ ಹೋಯಿತು. ಇವೆರಡರಲ್ಲಿ ಯಾವುದೂ ಕಲ್ಯಾಣ ಕರ್ನಾಟಕವನ್ನು ತಲುಪಲಿಲ್ಲ.

ಕಲಬುರಗಿಯ ಸಿಮೆಂಟ್ ಸೀಮೆ

ಸೇಡಂ ತಾಲ್ಲೂಕಿನ ಮಳಖೇಡದ ಸಮೀಪದಲ್ಲಿ ರಾಜಶ್ರೀ ಸಿಮೆಂಟ್ ಕಾರ್ಖಾನೆಯ ಸುತ್ತ ಬೆಳೆದ ಆದಿತ್ಯನಗರ, ಸೇಡಂ ಪಟ್ಟಣದ ವಾಸವದತ್ತಾ, ವಾಡಿಯ ಎ.ಸಿ.ಸಿ. ಮತ್ತು ಚಿಂಚೋಳಿ ತಾಲ್ಲೂಕಿನ ಕಾರ್ಖಾನೆಗಳು ಒಂದೇ ಸುಣ್ಣದಕಲ್ಲಿನ ಪ್ರದೇಶದಲ್ಲಿವೆ. ನೆಲಹಾಸಿಗೆ ಹೆಸರಾದ ಶಹಾಬಾದ ಕಲ್ಲು ಸಹ ಇಲ್ಲಿಯದೇ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಮಾರ್ಗವಾಗಿದ್ದರೂ ಸಿಮೆಂಟ್, ಕಲ್ಲಿದ್ದಲು, ಹಾರುಬೂದಿ ಮತ್ತು ಕಲ್ಲಿನ ಸಾಗಣೆಗೆ ಲಾರಿ, ಟಿಪ್ಪರ್ ಹಾಗೂ ಬಲ್ಕರ್‌ಗಳು ರಸ್ತೆಯನ್ನೂ ಬಳಸುತ್ತವೆ.

ಇಲ್ಲಿನ ಪ್ರಶ್ನೆ ದಟ್ಟಣೆಯದಲ್ಲ, ತೂಕದ್ದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ತಿಳಿದುಬಂದಂತೆ, ರಸ್ತೆಗೆ ಆಗುವ ಹಾನಿಯು ಆಕ್ಸಲ್ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಭಾರತದಲ್ಲಿ ನಾಲ್ಕು ಟೈರುಗಳ ಒಂಟಿ ಆಕ್ಸಲ್‌ಗೆ ಅನುಮತಿಸಿದ ಭಾರವನ್ನು 2018ರಲ್ಲಿ 10.2 ಟನ್‌ನಿಂದ 11.5 ಟನ್‌ಗೆ ಏರಿಸಲಾಯಿತು. ಅದರ ಮೇಲೂ ಶೇಕಡಾ 20ರಷ್ಟು ಹೆಚ್ಚು ಹೇರಿದರೆ, ಅಂದರೆ 13.8 ಟನ್ ಆದರೆ, ಒಂದು ಓಡಾಟದಿಂದ ಆಗುವ ಹಾನಿ ಇಮ್ಮಡಿಯಾಗುತ್ತದೆ. ಇದರೊಡನೆ ಈ ಭಾಗದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ರಸ್ತೆಯ ತಳಪಾಯವೇ ಅಲುಗಾಡುತ್ತದೆ. ಚಲಿಸುತ್ತಿರುವಾಗಲೇ ಲಾರಿಯ ಆಕ್ಸಲ್ ಭಾರವನ್ನು ಅಳೆಯುವ, ರಸ್ತೆಯಲ್ಲಿ ಹುದುಗಿಸಿದ ಸೆನ್ಸರ್‌ಗಳು ಇಂತಹ ಕಡೆ ಸ್ಮಾರ್ಟ್ ಸಿಗ್ನಲ್‌ಗಿಂತ ಹೆಚ್ಚು ಉಪಯುಕ್ತ. ಅವುಗಳನ್ನು ಸರಿಹೊಂದಿಸುವುದು, ದುರಸ್ತಿ ಮಾಡುವುದು ಸ್ಥಳದಲ್ಲೇ ಇರುವವರು ಮಾಡಬೇಕಾದ ಕೆಲಸಗಳು.

ಇದಕ್ಕೆ ಬೇಕಾದ ಶಿಕ್ಷಣ ಸಂಸ್ಥೆಗಳು ಜಿಲ್ಲೆಯಲ್ಲಿ ಇಲ್ಲವೆಂದಲ್ಲ. ಕಲಬುರಗಿಯ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು 1958ರಲ್ಲೂ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲೂ ಸ್ಥಾಪನೆಗೊಂಡವು. ದತ್ತಾಂಶವೂ ಹತ್ತಿರದಲ್ಲೇ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಬಳಿಕ, ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ನಿರ್ವಾಹಕರು ಉಚಿತವಾಗಿ ಪ್ರಯಾಣಿಸುವ ಮಹಿಳೆಯರಿಗೆ ಯಂತ್ರದ ಮೂಲಕ ಶೂನ್ಯ ಮೊತ್ತದ ಟಿಕೆಟ್ ನೀಡುತ್ತಾರೆ. ಎಲ್ಲಿ ಹತ್ತಿದರು, ಎಲ್ಲಿಗೆ ಹೊರಟರು ಎಂಬ ವಿವರ ಪ್ರತಿ ಟಿಕೆಟ್‌ನಲ್ಲೂ ಇರುತ್ತದೆ. ಯಾವ ಹಳ್ಳಿಗೆ ಯಾವ ಹೊತ್ತಿನಲ್ಲಿ ಬಸ್ಸು ಬೇಕು ಎಂಬುದನ್ನು ತಿಳಿಯಲು ಇದಕ್ಕಿಂತ ಅಗ್ಗದ ಸಮೀಕ್ಷೆ ದೊರೆಯದು.

ಭೌಗೋಳಿಕವಾಗಿ ಈ ತಾಲ್ಲೂಕುಗಳಿಗೆ ಹತ್ತಿರವಾದ ದೊಡ್ಡ ಪ್ರಯೋಗ ಕ್ಷೇತ್ರವೂ ಬೆಂಗಳೂರಿನದಲ್ಲ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಸೈಬರ್-ಭೌತಿಕ ವ್ಯವಸ್ಥೆಗಳ ರಾಷ್ಟ್ರೀಯ ಅಭಿಯಾನದಡಿ ದೇಶದಲ್ಲಿ 25 ಕೇಂದ್ರಗಳಿಗೆ ನೆರವು ನೀಡಿದಾಗ, ರೋಬೋಟಿಕ್ಸ್ ವಿಷಯವು ಭಾರತೀಯ ವಿಜ್ಞಾನ ಸಂಸ್ಥೆಗೂ ಚಾಲಕರಹಿತ ಸಂಚಾರದ ವಿಷಯವು ಹೈದರಾಬಾದ್ ಐಐಟಿಗೂ ದೊರೆತವು. ಐಐಟಿಯ ಟಿಹಾನ್ ಪರೀಕ್ಷಾ ಕ್ಷೇತ್ರವು 2022ರ ಜುಲೈನಲ್ಲಿ ಉದ್ಘಾಟನೆಗೊಂಡಿತು. ಅದಿರುವುದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಕಂದಿಯಲ್ಲಿ. ಚಿಂಚೋಳಿ ಮತ್ತು ಸೇಡಂ ತಾಲ್ಲೂಕುಗಳು ಆ ರಾಜ್ಯದ ಗಡಿಗೆ ಹೊಂದಿಕೊಂಡಿವೆ.