ಬತ್ಹಾದ ಬೀಟಲ್ ಮತ್ತು ಹಠಮಾರಿ ಕ್ಲಚ್ ವೈರ್

ತುಂಬಾ ದಿನ ಆಯ್ತು ಈ ಕಡೆ ಬರೆದು. ಆಫೀಸಲ್ಲಿ ಪ್ರಾಜೆಕ್ಟ್ ಡೆಡ್‌ಲೈನು ಅಂತ ಎಂದಿನ ನೆಪ ಹೇಳಬಹುದು, ಆದ್ರೆ ನಿಜ ಏನಂದ್ರೆ ಸತತ ಎರಡು ಶುಕ್ರವಾರ ನಾನು ಒಂದು ಕಾರಿನ ಕೆಳಗೆ ಮಲಗಿದ್ದೆ.

ರಿಯಾದಿನ ಬತ್ಹಾ ನೋಡದವರಿಗೆ ಹೇಗೆ ವಿವರಿಸೋದು? ನಮ್ಮ ಮೆಜೆಸ್ಟಿಕ್ಕನ್ನೂ ಶಿವಾಜಿನಗರವನ್ನೂ ಸೇರಿಸಿ ಅರಬ್ಬಿ ಬೋರ್ಡ್ ಹಾಕಿದ ಹಾಗೆ. ಮಲಯಾಳಿ ಹೋಟೆಲು, ಬಾಂಗ್ಲಾದವರ ತರಕಾರಿ, ಫಿಲಿಪಿನೋ ಅಂಗಡಿ, ಊರಿಗೆ ದುಡ್ಡು ಕಳಿಸೋ ಕೌಂಟರಿನ ಕ್ಯೂ. 2024ರ ಡಿಸೆಂಬರಿನಲ್ಲಿ ಮೆಟ್ರೋ ಶುರುವಾದ ಮೇಲೆ ನನ್ನಂಥವರಿಗೆ ಹೋಗಿಬರೋದು ಸುಲಭ ಆಗಿದೆ. ಶುಕ್ರವಾರ ಸಂಜೆ ಕಾಲಿಡೋಕೂ ಜಾಗ ಇರಲ್ಲ, ಬೆಳಿಗ್ಗೆ ಮಾತ್ರ ಗಲ್ಲಿಗಳೆಲ್ಲ ಭಣಭಣ.

ಅಲ್ಲೇ ಒಂದು ಹಳೇ ಕಟ್ಟಡದಲ್ಲಿ ಮಂಗಳೂರು ಕಡೆಯ ಹಿರಿಯರೊಬ್ಬರು ಇದ್ರು. ನಾವೆಲ್ಲ ಕಾಕ ಅಂತಲೇ ಕರೆಯೋದು. ಅವರ ಹತ್ರ ಇದ್ದ ಒಂದೇ ಐಷಾರಾಮಿ ಅಂದ್ರೆ 1973ರ ಫೋಕ್ಸ್‌ವ್ಯಾಗನ್ ಬೀಟಲ್. ಕೆಲಸ ಬಿಟ್ಟು ಊರಿಗೆ ಹೊರಟಿದ್ರು. ಇಲ್ಲಿ ಗಾಡಿ ಹೆಸರಲ್ಲಿ ಇರೋವರೆಗೆ ಫೈನಲ್ ಎಕ್ಸಿಟ್ ಸಿಗಲ್ಲ, ಬೇರೆಯವರ ಹೆಸರಿಗೆ ಮಾಡಿಸಲೇಬೇಕು, ಅದಕ್ಕೆ ಮೊದಲು ‘ಫಹಸ್’ ಅಂದ್ರೆ ಗಾಡಿ ತಪಾಸಣೆ ಪಾಸಾಗಬೇಕು. ಕೊಳ್ಳೋಕೆ ಒಬ್ಬ ಈಜಿಪ್ಟಿನ ಹುಡುಗ ರೆಡಿ ಇದ್ದ. ಆದ್ರೆ ಕ್ಲಚ್ ಕೈ ಕೊಟ್ಟಿತ್ತು.

“ಎಂತ ಮಾರಾಯಾ, ಒತ್ತಿದ್ರೆ ಕೆಳಗೆ ಹೋಗ್ತದೆ, ಮೇಲೆ ಬರುದೇ ಇಲ್ಲ. ಕಾಲಲ್ಲಿ ಎತ್ತಬೇಕು,” ಅಂದ್ರು ಕಾಕ.

ಒಂದು ಗ್ಯಾರೇಜಿನವರು ನೋಡಿ, ಕ್ಲಚ್ ಪ್ಲೇಟ್ ಹೋಗಿದೆ, ಇಂಜಿನ್ ಇಳಿಸಬೇಕು ಅಂದಿದ್ರಂತೆ. ಅವರು ಹೇಳಿದ ದುಡ್ಡು ಕಾರಿನ ಬೆಲೆಯ ಅರ್ಧದಷ್ಟು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಪ್ಲೇಟ್ ಸವೆದರೆ ಏರಿನಲ್ಲಿ ಇಂಜಿನ್ ಅರಚುತ್ತೆ, ಗಾಡಿ ಎಳೆಯಲ್ಲ. ಆದ್ರೆ ಪೆಡಲ್ ಅರ್ಧದಲ್ಲಿ ಸಿಕ್ಕಿಕೊಂಡು ನಿಲ್ಲೋದು ಬೇರೆ ರೋಗ, ಅಲ್ವಾ?

ಬೀಟಲ್‌ನಲ್ಲಿ ಇಂಜಿನ್ ಹಿಂದೆ, ಪೆಡಲ್ ಮುಂದೆ. ನಡುವೆ ಕಾರಿನ ಬೆನ್ನುಮೂಳೆಯಂಥ ಸುರಂಗ. ಅದರೊಳಗಿನ ಒಂದು ಸಣ್ಣ ಕೊಳವೆಯಲ್ಲಿ ಕ್ಲಚ್ ವೈರ್ ಹಾದುಹೋಗುತ್ತೆ. ಹಿಂದೆ ಹೊರಬಂದ ಮೇಲೆ ಗೇರ್‌ಬಾಕ್ಸಿನ ತನಕ ಬಾಗುವ ಇನ್ನೊಂದು ಕವಚ, ಅದೇ ಬೌಡೆನ್ ಟ್ಯೂಬ್. 1896ರಲ್ಲಿ ಅರ್ನೆಸ್ಟ್ ಬೌಡೆನ್ ಪೇಟೆಂಟ್ ಮಾಡಿಸಿದ ಉಪಾಯ ಇದು. ನಿಮ್ಮ ಸೈಕಲ್ ಬ್ರೇಕಿನಲ್ಲೂ ಅದೇ ಇರೋದು.

ನಮ್ಮ ಕೆಲಸದಲ್ಲಿ ಬಗ್ ಹುಡುಕುವಾಗ ಒಂದೊಂದೇ ತುಂಡು ಬೇರೆ ಮಾಡಿ ನೋಡ್ತೀವಲ್ಲ, ಇಲ್ಲೂ ಹಾಗೇ ಮಾಡಿದೆ. ಎಡ ಹಿಂದಿನ ಚಕ್ರ ಬಿಚ್ಚಿ (ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ), ವೈರಿನ ತುದಿಯ ರೆಕ್ಕೆ ನಟ್ಟು ತೆಗೆದೆ. ಗೇರ್‌ಬಾಕ್ಸಿನ ಲಿವರನ್ನ ಬೆರಳಲ್ಲಿ ಅಲ್ಲಾಡಿಸಿದ್ರೆ ಸ್ಪ್ರಿಂಗಿನ ಬಲಕ್ಕೆ ಟಕ್ ಅಂತ ವಾಪಸ್ ಬಂತು. ಅಂದ್ರೆ ಆ ಕಡೆ ತೊಂದರೆ ಇಲ್ಲ. ಮುಂದೆ ಪೆಡಲಿನಿಂದಲೂ ವೈರ್ ಕಳಚಿ ನೋಡಿದ್ವಿ. ಪೆಡಲ್ ತನ್ನ ಶಾಫ್ಟಿನ ಮೇಲೆ ಹಗುರವಾಗಿ ಆಡ್ತಿತ್ತು. ಉಳಿದಿದ್ದು ವೈರ್ ಒಂದೇ. ಹಿಂದಿನಿಂದ ಇಕ್ಕಳದಲ್ಲಿ ಹಿಡಿದು ಎಳೆದೆ. ಸ್ವಲ್ಪ ದೂರ ಸಲೀಸು, ಆಮೇಲೆ ಕರಕರ ಅಂತ ಒಂದೇ ಜಾಗದಲ್ಲಿ ಹಿಡಿತ. ಇಂಜಿನ್ ಇಳಿಸೋ ಮಾತು ಅಲ್ಲಿಗೆ ಮುಗೀತು.

ಆದ್ರೆ ಹೊಸ ವೈರ್ ತೂರಿಸಿಬಿಟ್ಟರೆ ಸಾಕಾ? ಕಾಕನ ಪ್ರಕಾರ ಇದ್ದ ವೈರೂ ಹಾಕಿ ಬಹಳ ದಿನ ಆಗಿರಲಿಲ್ಲ. ಹಾಗಾದ್ರೆ ಅದನ್ನ ತಿಂದಿದ್ದು ಯಾರು?

ಉತ್ತರ ಬೌಡೆನ್ ಟ್ಯೂಬಿನಲ್ಲಿತ್ತು. ಅದು ನೆಟ್ಟಗೆ ಇರಬಾರದು, ಸ್ವಲ್ಪ ಜೋತುಬಿದ್ದಿರಬೇಕು. ಎರಡು ತುದಿಗೆ ಅಡ್ಡಪಟ್ಟಿ ಹಿಡಿದು ಅಳೆದರೆ ನಡುವಿನ ಬಾಗು 25ರಿಂದ 45 ಮಿ.ಮೀ. ಇರಬೇಕು. ಆ ಬಾಗಿನಿಂದ ಬರೋ ಚೂರು ಘರ್ಷಣೆಯೇ ಕ್ಲಚ್ ಬಿಡುವಾಗ ಗಾಡಿ ಜರ್ಕ್ ಹೊಡೆಯದಂತೆ ನೋಡಿಕೊಳ್ಳುತ್ತೆ. ಕಾಕನ ಕಾರಲ್ಲಿ ಯಾರೋ ಬ್ರಾಕೆಟ್ಟಿಗೆ ವಾಷರ್ ಮೇಲೆ ವಾಷರ್ ತುರುಕಿ ಬಾಗನ್ನ 60 ಮಿ.ಮೀ.ಗೆ ಏರಿಸಿದ್ರು. ಆ ತಿರುವಿನಲ್ಲಿ ವೈರ್ ಉಜ್ಜಿ ಉಜ್ಜಿ ಎಳೆಗಳು ತುಂಡಾಗಿದ್ವು. ತುಂಡಾದ ಎಳೆ ಮೀನಿನ ಗಾಳದ ಹಾಗೆ, ಹೋಗುವಾಗ ಬಿಟ್ಟು ಬರುವಾಗ ಕಚ್ಚುತ್ತೆ. ಜೊತೆಗೆ ಟ್ಯೂಬಿನ ರಬ್ಬರ್ ಬೂಟು ಒಡೆದು ಮರಳಿನ ಧೂಳು ಒಳಗೆ ಹೋಗಿ, ಗ್ರೀಸ್ ಸೇರಿ ಮರಳುಕಾಗದದ ಥರ ಆಗಿತ್ತು. ರಿಯಾದಿನ ಧೂಳು ನಿಮಗೆ ಗೊತ್ತಲ್ಲ.

ಊರಲ್ಲಿ ಬೈಕಿನ ವೈರ್ ಬಿಗಿಯಾದ್ರೆ ಮೇಲ್ತುದಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ರಾತ್ರಿಯಿಡೀ ಆಯಿಲ್ ಇಳಿಯೋಕೆ ಬಿಡ್ತೀವಿ. ಇಲ್ಲಿ ವೈರ್ ಮಲಗಿದೆ, ಆ ಆಟ ನಡೆಯಲ್ಲ. ಹಾಗಾಗಿ ಹೊಸ ವೈರು, ಹೊಸ ಬೌಡೆನ್ ಟ್ಯೂಬು, ಹೊಸ ಬೂಟು ಆನ್‌ಲೈನಲ್ಲಿ ತರಿಸಿದ್ವಿ. ಬೀಟಲ್‌ಗೆ ಮಾಡೆಲ್ ವರ್ಷದ ಪ್ರಕಾರ ವೈರಿನ ಉದ್ದ ಬೇರೆ ಬೇರೆ, ಚಾಸಿ ನಂಬರ್ ನೋಡಿಯೇ ಆರ್ಡರ್ ಮಾಡಿ. ಗ್ರೀಸು ಮಾತ್ರ ಬತ್ಹಾದ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಕ್ತು.

ಎರಡನೇ ಶುಕ್ರವಾರದ ಕೆಲಸವೇ ನಿಜವಾದ ಕಸರತ್ತು. ಹೊಸ ವೈರಿಗೆ ಪೂರ್ತಿ ಗ್ರೀಸ್ ಬಳಿದು ಮುಂದಿನಿಂದ ತೂರಿಸಬೇಕು. ಸುರಂಗದ ಒಳಗೆ ಕೊಳವೆಯ ಬಾಯಿ ಕಣ್ಣಿಗೆ ಕಾಣಲ್ಲ, ಬೆರಳಲ್ಲೇ ತಡಕಬೇಕು. ನನಗೆ ಅರ್ಧ ಗಂಟೆ ಹಿಡೀತು. ಪೆಡಲಿನ ಕೊಕ್ಕೆಗೆ ವೈರ್ ಸಿಕ್ಕಿಸಿದ ಮೇಲೆ ಸಡಿಲ ಬಿಟ್ಟರೆ ಕಳಚಿಕೊಳ್ಳುತ್ತೆ. ಅದಕ್ಕೆ ಕಾಕ ಮುಂದೆ ಮೊಣಕಾಲೂರಿ ಪೆಡಲನ್ನ ಎತ್ತಿ ಹಿಡಿದ್ರು, ನಾನು ಹಿಂದೆ ನಟ್ಟು ತಿರುಗಿಸಿದೆ.

“ಆಯ್ತನಾ?”

“ಇನ್ನೂ ಇಲ್ಲ ಕಾಕ, ಬಿಡಬೇಡಿ!”

ಈ ಸಂಭಾಷಣೆ ಹತ್ತು ಸಲ ಆಗಿರಬಹುದು.

ವಾಷರ್ ಕಡಿಮೆ ಮಾಡಿ ಬಾಗನ್ನ 35 ಮಿ.ಮೀ.ಗೆ ತಂದೆ. ರೆಕ್ಕೆ ನಟ್ಟಿನ ಉಬ್ಬುಗಳು ಲಿವರಿನ ಕುಳಿಗಳಲ್ಲಿ ಸರಿಯಾಗಿ ಕೂರಬೇಕು, ಇಲ್ಲದಿದ್ರೆ ತಾನಾಗೇ ಸಡಿಲ ಆಗುತ್ತೆ. ಪೆಡಲಿನ ಫ್ರೀ ಪ್ಲೇ 10ರಿಂದ 20 ಮಿ.ಮೀ. ಇರಲಿ ಅನ್ನೋದು ಲೆಕ್ಕ, ನಾನು 15 ಇಟ್ಟೆ. ಅದೇನೂ ಇಲ್ಲದೆ ಬಿಗಿ ಮಾಡಿದ್ರೆ ಕ್ಲಚ್ ಸದಾ ಅರ್ಧ ಒತ್ತಿದಂತಿದ್ದು ಪ್ಲೇಟ್ ನಿಜವಾಗ್ಲೂ ಸುಟ್ಟುಹೋಗುತ್ತೆ.

ಕಾಕ ಕೂತು ಕ್ಲಚ್ ಒತ್ತಿದ್ರು, ಬಿಟ್ರು. ಪೆಡಲ್ ಕಾಲಿನ ಜೊತೆಗೇ ಮೇಲೆ ಬಂತು. ಇನ್ನೊಂದು ಸಲ ಒತ್ತಿದ್ರು. ಏನೂ ಮಾತಾಡಲಿಲ್ಲ, ಗೇರ್ ಹಾಕಿ ಕಟ್ಟಡಕ್ಕೆ ಒಂದು ಸುತ್ತು ಹೊಡೆದು ಬಂದ್ರು.

ಮುಂದಿನ ವಾರ ಫಹಸ್ ಆಯ್ತು, ಗಾಡಿ ಹುಡುಗನ ಹೆಸರಿಗೂ ಆಯ್ತು. ಬಾಗಿನ ಅಳತೆ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದೀನಿ. ಕಾಕ ಅದನ್ನ ಹಳೇ ವೈರಿನ ಸುರುಳಿಗೆ ಕಟ್ಟಿ, ಡಿಕ್ಕಿಯೊಳಗೆ ಸ್ಟೆಪ್ನಿ ಪಕ್ಕ ಇಟ್ಟು ಕೀಲಿ ಕೊಟ್ಟರು.