ಅರ್ಧ ಇಂಚಿನ ಲೆಕ್ಕ, ಮೂರು ತಲೆಮಾರಿನ ಆಟ

ಮೆಕ್ಯಾನೊ ಎಂಬ ಹೆಸರನ್ನು ನಮ್ಮ ಕಾಲೇಜಿನ ಹೆಚ್ಚಿನ ಗೆಳೆಯರು ಕೇಳಿರಲಿಕ್ಕಿಲ್ಲ. ಕೇಳಿದವರೂ ಅದನ್ನು ಚಿಕ್ಕ ಮಕ್ಕಳ ಆಟಿಕೆ ಎಂದೇ ತಿಳಿದಿರುತ್ತಾರೆ. ತೂತುಗಳಿರುವ ಲೋಹದ ಪಟ್ಟಿಗಳನ್ನು ನಟ್ ಬೋಲ್ಟ್‌ಗಳಿಂದ ಜೋಡಿಸಿ ಸೇತುವೆ, ಕ್ರೇನ್, ಲಾರಿ, ಗಡಿಯಾರ ಹೀಗೆ ಏನನ್ನಾದರೂ ಕಟ್ಟುವ ಆಟ ಇದು. ನಮ್ಮ ಮನೆಯಲ್ಲಿ ಅಜ್ಜ, ಅಪ್ಪ, ನಾನು ಮತ್ತು ನನ್ನ ತಂಗಿ ನಾಲ್ವರೂ ಇದನ್ನು ಆಡುತ್ತೇವೆ. ಎಪ್ಪತ್ತೈದು ದಾಟಿದ ಅಜ್ಜನಿಗೂ ಏಳನೇ ತರಗತಿಯ ತಂಗಿಗೂ ಒಂದೇ ಆಟ ಹೇಗೆ ಹಿಡಿಸಿತು ಎಂದು ಮನೆಗೆ ಬಂದವರು ಕೇಳುತ್ತಾರೆ. ಅದಕ್ಕೆ ಉತ್ತರ ಆ ಪಟ್ಟಿಗಳ ತೂತುಗಳಲ್ಲೇ ಇದೆ ಎಂಬುದು ನನ್ನ ಅನಿಸಿಕೆ. ಹೇಗೆ ಎಂದು ವಿವರಿಸುತ್ತೇನೆ.

ಗುಮಾಸ್ತನೊಬ್ಬ ಮಾಡಿದ ಆಟಿಕೆ

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಮಾಂಸ ಆಮದು ಮಾಡುವ ಸಂಸ್ಥೆಯೊಂದರಲ್ಲಿ ಗುಮಾಸ್ತರಾಗಿದ್ದವರು ಫ್ರಾಂಕ್ ಹಾರ್ನ್‌ಬಿ (1863–1936). ಅವರು ಇಂಜಿನಿಯರಿಂಗ್ ಓದಿದವರಲ್ಲ. ತಮ್ಮ ಗಂಡುಮಕ್ಕಳಿಗಾಗಿ ಮನೆಯಲ್ಲಿ ತಗಡು ಕತ್ತರಿಸಿ ಸೇತುವೆ, ಕ್ರೇನ್‌ಗಳನ್ನು ಮಾಡುತ್ತಿದ್ದರು. ಪ್ರತಿ ಆಟಿಕೆಗೂ ಬೇರೆ ಬೇರೆ ಭಾಗ ಕತ್ತರಿಸುವುದು ಸುಮ್ಮನೆ ಶ್ರಮ. ಎಲ್ಲ ಪಟ್ಟಿಗಳಲ್ಲೂ ಒಂದೇ ಅಂತರದಲ್ಲಿ ತೂತು ಕೊರೆದರೆ, ಇಂದು ಸೇತುವೆಯಾದ ಪಟ್ಟಿ ನಾಳೆ ಕ್ರೇನ್ ಆಗಬಹುದು. ಈ ಸರಳ ಯೋಚನೆಗೆ ಅವರು 1901ರಲ್ಲಿ ಪೇಟೆಂಟ್ ಪಡೆದರು. ಮೊದಲು 'ಮೆಕ್ಯಾನಿಕ್ಸ್ ಮೇಡ್ ಈಸಿ' ಎಂದು ಮಾರಾಟವಾದ ಈ ಆಟಿಕೆಗೆ 1907ರಲ್ಲಿ ಮೆಕ್ಯಾನೊ ಎಂಬ ಹೆಸರು ನೋಂದಣಿಯಾಯಿತು. 1916ರಿಂದ ಅದಕ್ಕೆಂದೇ ಒಂದು ಪತ್ರಿಕೆಯೂ ಬಂತು. ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆ 1979ರಲ್ಲಿ ಮುಚ್ಚಿದರೂ ಫ್ರಾನ್ಸಿನಲ್ಲಿ ತಯಾರಿಕೆ ಮುಂದುವರಿಯಿತು.

ಅರ್ಧ ಇಂಚು ಎಂಬ ನಿಯಮ

ಮೆಕ್ಯಾನೊ ಪಟ್ಟಿಯ ಒಂದು ತೂತಿನ ನಡುವಿನಿಂದ ಮುಂದಿನ ತೂತಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಬಣ್ಣ ಬದಲಾಯಿತು, ಕಾರ್ಖಾನೆ ಬದಲಾಯಿತು, ಮಾಲೀಕರು ಬದಲಾದರು. ಈ ಅಳತೆ ಮಾತ್ರ ಬದಲಾಗಲಿಲ್ಲ.

ಗಿಯರ್‌ಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. 19 ಹಲ್ಲಿನ ಚಿಕ್ಕ ಗಿಯರ್‌ನ ವ್ಯಾಸ ಅರ್ಧ ಇಂಚು, 57 ಹಲ್ಲಿನ ದೊಡ್ಡದರ ವ್ಯಾಸ ಒಂದೂವರೆ ಇಂಚು. ಎರಡರ ತ್ರಿಜ್ಯಗಳನ್ನು ಕೂಡಿಸಿದರೆ ಸರಿಯಾಗಿ ಒಂದು ಇಂಚು. ಆದ್ದರಿಂದ ಮೊದಲನೇ ತೂತಿನಲ್ಲಿ ಒಂದನ್ನೂ ಮೂರನೇ ತೂತಿನಲ್ಲಿ ಇನ್ನೊಂದನ್ನೂ ಕೂರಿಸಿದರೆ ಹಲ್ಲುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಚಿಕ್ಕದು ಮೂರು ಸುತ್ತು ತಿರುಗಿದರೆ ದೊಡ್ಡದು ಒಂದು ಸುತ್ತು. ವೇಗ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಘರ್ಷಣೆಯನ್ನು ಬಿಟ್ಟರೆ ತಿರುಗಿಸುವ ಬಲ ಮೂರು ಪಟ್ಟಾಗುತ್ತದೆ. ಚಿಕ್ಕ ಗಿಯರ್‌ನ ಬದಲು ತಿರುಪಿನಂತಿರುವ ವರ್ಮ್ ಹಾಕಿದರೆ, ಅದು 57 ಸುತ್ತು ತಿರುಗಿದಾಗ ದೊಡ್ಡ ಗಿಯರ್ ಒಂದು ಸುತ್ತು. ಆಗ ಕೈ ಬಿಟ್ಟರೂ ಕ್ರೇನ್ ಎತ್ತಿದ ಭಾರ ಕೆಳಗೆ ಜಾರುವುದಿಲ್ಲ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದುವ ಮೊದಲೇ ಅಜ್ಜನ ಪಕ್ಕದಲ್ಲಿ ಕೂತು ಕಂಡಿದ್ದೆ.

ಎರಡು ಪೆಟ್ಟಿಗೆ, ಎರಡು ಡಬ್ಬ

ಅಜ್ಜ ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಬೊಂಬಾಯಿಗೆ ಹೋದವರು. ಅಲ್ಲಿ ಬಂದರಿನ ಬಳಿ ವರ್ಕ್‌ಶಾಪೊಂದರಲ್ಲಿ ಫಿಟ್ಟರ್ ಆಗಿದ್ದರು. 1970ರ ದಶಕದಲ್ಲಿ ಒಂದು ಶುಕ್ರವಾರ ಚೋರ್ ಬಜಾರಿನಲ್ಲಿ ಕೆಂಪು ಹಸಿರು ಬಣ್ಣದ ಹಳೆಯ ಮೆಕ್ಯಾನೊ ಭಾಗಗಳನ್ನು ತೂಕಕ್ಕೆ ಕೊಂಡರಂತೆ. ಊರಿಗೆ ಬಂದಾಗ ಅಪ್ಪನ ಕೈಗೆ ಕೊಟ್ಟ ಮೊದಲ ಆಟಿಕೆ ಅದೇ. ಅಪ್ಪ ಬೆಳೆದು ದುಬೈಗೆ ಕೆಲಸಕ್ಕೆ ಹೋದರು. ನಾನು ಐದನೇ ತರಗತಿಯಲ್ಲಿದ್ದಾಗ ಅಲ್ಲಿಂದ ಹೊಸ ಮೆಕ್ಯಾನೊ ಪೆಟ್ಟಿಗೆ ತಂದರು.

ಅಜ್ಜ ಹಳೆಯ ಪಟ್ಟಿಯ ಮೇಲೆ ಹೊಸ ಪಟ್ಟಿಯನ್ನಿಟ್ಟು ಬೆಳಕಿಗೆ ಹಿಡಿದು ನೋಡಿದರು. ತೂತಿನ ಮೇಲೆ ತೂತು ಸರಿಯಾಗಿ ಕೂತಿತ್ತು. ಆದರೆ ನಟ್ ಬೋಲ್ಟ್‌ಗಳ ಕತೆ ಬೇರೆ. ಹಳೆಯ ಬೋಲ್ಟ್‌ಗಳು ವಿಟ್ವರ್ತ್ ಅಳತೆಯವು: ಇಂಚಿನ 32ರಲ್ಲಿ 5 ಭಾಗ ವ್ಯಾಸ, ಇಂಚಿಗೆ 32 ಎಳೆ. ಹೊಸವು ಎಂ4, ಅಂದರೆ 4 ಮಿಲಿಮೀಟರ್ ವ್ಯಾಸ, ಎಳೆಯಿಂದ ಎಳೆಗೆ 0.7 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ ದಪ್ಪ. ಒಂದರ ನಟ್ಟನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಎಳೆ ಕೆಡುತ್ತದೆ. ಆದ್ದರಿಂದ ನಮ್ಮಲ್ಲಿ ಎರಡು ಡಬ್ಬಗಳಿವೆ. ತಲೆಯ ಮೇಲೆ ಗೀರಿರುವವು ಹಳೆಯ ಡಬ್ಬಕ್ಕೆ, ಷಟ್ಕೋನದ ಗುಳಿ ಇರುವವು ಹೊಸ ಡಬ್ಬಕ್ಕೆ. ಆಟ ಮುಗಿದ ಮೇಲೆ ಬೇರ್ಪಡಿಸುವ ಕೆಲಸ ತಂಗಿಯದು. ಮಂಚದಡಿ ಉರುಳಿದ್ದನ್ನು ಹುಡುಕಿ ತರುವುದು ಅಜ್ಜಿಯ ಪೊರಕೆ.

ನಂಬರ್ ಎಂಬ ಭಾಷೆ

ಮೆಕ್ಯಾನೊದ ಪ್ರತಿ ಭಾಗಕ್ಕೂ ಒಂದು ನಂಬರ್ ಇದೆ. 12½ ಇಂಚಿನ ಉದ್ದ ಪಟ್ಟಿ 1, ಹನ್ನೊಂದು ತೂತಿನ ಪಟ್ಟಿ 2, ಐದು ತೂತಿನದು 5, 19 ಹಲ್ಲಿನ ಗಿಯರ್ 26. ಅಜ್ಜನಿಗೆ ಇಂಗ್ಲಿಷ್ ಓದಲು ಬಾರದು, ಆದರೆ ಈ ನಂಬರ್‌ಗಳೆಲ್ಲ ಬಾಯಿಪಾಠ. ಅಪ್ಪ ಎರಡು ವರ್ಷಕ್ಕೊಮ್ಮೆ ನಲವತ್ತು ದಿನದ ರಜೆಗೆ ಬರುತ್ತಾರೆ. ಆ ನಲವತ್ತು ದಿನಗಳಲ್ಲಿ ಶುರುವಾದ ಮಾದರಿ ಅವರು ಹೊರಡುವಾಗ ಅರ್ಧವಾಗಿರುತ್ತದೆ. ಉಳಿದದ್ದು ವಿಡಿಯೋ ಕಾಲ್‌ನಲ್ಲಿ ನಡೆಯುತ್ತದೆ. "ಎರಡನೇ ನಂಬರ್, ಕೊನೆಯಿಂದ ನಾಲ್ಕನೇ ತೂತು, ಒಳಗಿನಿಂದ ಬೋಲ್ಟ್" ಎಂದು ಅಪ್ಪ ಅಲ್ಲಿಂದ ಹೇಳಿದರೆ ನಾವು ಇಲ್ಲಿ ಬಿಗಿಯುತ್ತೇವೆ. ಅಜ್ಜನೂ ಅಪ್ಪನೂ ಫೋನಿನಲ್ಲಿ ಹೆಚ್ಚು ಮಾತನಾಡುವವರಲ್ಲ. ಊಟ ಆಯಿತಾ, ಮಳೆ ಇದೆಯಾ ಎಂಬಲ್ಲಿಗೆ ಅವರ ಮಾತು ಮುಗಿಯುತ್ತದೆ. ಕ್ರೇನ್ ಮಧ್ಯದಲ್ಲಿದ್ದರೆ ಮಾತ್ರ ಒಂದು ಗಂಟೆ ಮಾತನಾಡುತ್ತಾರೆ.

ಎರಡು ವರ್ಷಗಳಿಂದ ಅಜ್ಜನ ದೃಷ್ಟಿ ಕುಂದುತ್ತಿದೆ. ಅವರಿಗೆ ಗ್ಲಾಕೋಮಾ. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದಾರೆ. ಪತ್ರಿಕೆ ಓದುವುದು ನಿಂತಿತು, ಒಬ್ಬರೇ ಪೇಟೆಗೆ ಹೋಗುವುದೂ ನಿಂತಿತು. ಆದರೆ ಪೆಟ್ಟಿಗೆ ತೆರೆದರೆ ಅವರು ಹೆಬ್ಬೆರಳನ್ನು ಪಟ್ಟಿಯ ಮೇಲೆ ಸರಿಸುತ್ತಾ ತೂತು ಎಣಿಸುತ್ತಾರೆ. ಯಾವ ನಂಬರ್ ಎಂದು ನಮಗಿಂತ ಬೇಗ ಹೇಳುತ್ತಾರೆ. ಅಂತರ ಎಲ್ಲೆಡೆ ಒಂದೇ ಆಗಿರುವುದರಿಂದ ಬೆರಳಿಗೆ ಮೋಸವಾಗುವುದಿಲ್ಲ. ನಟ್ ಸಡಿಲವಿದೆಯೇ ಎಂದು ನೋಡುವ ಕೆಲಸ ಈಗಲೂ ಅವರದ್ದೇ. ಅಸರ್ ನಮಾಝಿನ ನಂತರ ಮಗ್ರಿಬ್ ತನಕ, ಜಗಲಿಯಲ್ಲಿ, ಅವರು ಮತ್ತೆ ಫಿಟ್ಟರ್.

ಆಟಿಕೆಯಿಂದ ಪ್ರಯೋಗಾಲಯಕ್ಕೆ

ಇದು ಬರೀ ಕಾಲಹರಣ ಎನ್ನುವವರಿಗೆ ಒಂದು ಉದಾಹರಣೆ. 1931ರಲ್ಲಿ ಅಮೆರಿಕದ ಎಂಐಟಿಯಲ್ಲಿ ವನ್ನೆವಾರ್ ಬುಶ್ ಅವರ ತಂಡ ಅವಕಲ ಸಮೀಕರಣಗಳನ್ನು ಬಿಡಿಸುವ ದೊಡ್ಡ ಯಂತ್ರವನ್ನು ಸಿದ್ಧಪಡಿಸಿತ್ತು. ಅದನ್ನು ನೋಡಿಬಂದ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಡಗ್ಲಸ್ ಹಾರ್ಟ್ರೀ ಅವರು 1934ರಲ್ಲಿ ತಮ್ಮ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಜೊತೆ ಸೇರಿ ಅಂಥದ್ದೇ ಯಂತ್ರದ ಮಾದರಿಯನ್ನು ಬಹುಪಾಲು ಮೆಕ್ಯಾನೊ ಭಾಗಗಳಿಂದಲೇ ಕಟ್ಟಿದರು. ತಗುಲಿದ ಖರ್ಚು ಸುಮಾರು 20 ಪೌಂಡ್.

ಅದರ ಮೂಲತತ್ತ್ವ ದ್ವಿತೀಯ ಪಿಯುಸಿಯವರಿಗೆ ಸುಲಭವಾಗಿ ತಿಳಿಯುತ್ತದೆ. ಮಲಗಿಸಿಟ್ಟ ತಟ್ಟೆ ತಿರುಗುತ್ತಿದೆ, ಅದರ ಮೇಲೆ ಪುಟ್ಟ ಚಕ್ರವೊಂದು ನೆಟ್ಟಗೆ ನಿಂತಿದೆ ಎಂದುಕೊಳ್ಳಿ. ಚಕ್ರ ತಟ್ಟೆಯ ಕೇಂದ್ರದಲ್ಲಿದ್ದರೆ ತಿರುಗದು. ಅಂಚಿನ ಕಡೆ ಸರಿದಷ್ಟೂ ಹೆಚ್ಚು ತಿರುಗುತ್ತದೆ. ಕೇಂದ್ರದಿಂದ ಚಕ್ರಕ್ಕಿರುವ ದೂರವನ್ನು y ಎಂದೂ ತಟ್ಟೆಯ ತಿರುಗುವಿಕೆಯನ್ನು x ಎಂದೂ ಇಟ್ಟುಕೊಂಡರೆ, ಚಕ್ರದ ಒಟ್ಟು ಸುತ್ತುಗಳು y ಯ ಅನುಕಲನವನ್ನು ಕೊಡುತ್ತವೆ. ನಾವು ಪರೀಕ್ಷೆಗೆಂದು ಕಲಿಯುವ ಇಂಟಿಗ್ರೇಶನ್ ಅಲ್ಲಿ ಕಣ್ಣೆದುರೇ ತಿರುಗುತ್ತದೆ!

ಇಂಗಾಲದ ಹೊಸ ರೂಪವಾದ ಫುಲರೀನ್‌ಗಾಗಿ 1996ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಹೆರಾಲ್ಡ್ ಕ್ರೋಟೊ ಕೂಡ ತಮ್ಮ ಬಾಲ್ಯದ ಮೆಕ್ಯಾನೊವನ್ನು ಮೆಚ್ಚುಗೆಯಿಂದ ನೆನೆದಿದ್ದಾರೆ. ನಟ್ಟನ್ನು ಎಷ್ಟು ಬಿಗಿಯಬೇಕು ಎಂಬ ಅಂದಾಜು ಬೆರಳಿಗೆ ಬರಬೇಕು ಎಂಬುದು ಅವರ ಮಾತಿನ ಸಾರ. ನಮ್ಮ ಅಜ್ಜ ಹೇಳುವುದೂ ಅದನ್ನೇ: ಸಡಿಲವಾದರೆ ಅಲುಗುತ್ತದೆ, ಅತಿಯಾದರೆ ತಿರುಗುವುದಿಲ್ಲ.

ನೀವೂ ಮಾಡಿ ನೋಡಿ

ಮೆಕ್ಯಾನೊ ಪೆಟ್ಟಿಗೆ ದುಬಾರಿ, ಎಲ್ಲರಿಗೂ ಸಿಗುವುದೂ ಇಲ್ಲ. ಆದರೆ ಹಾರ್ನ್‌ಬಿಯವರ ಯೋಚನೆಗೆ ದುಡ್ಡು ಬೇಡ. ದಪ್ಪ ರಟ್ಟನ್ನು ಅರ್ಧ ಇಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಅರ್ಧ ಇಂಚಿಗೊಂದು ತೂತು ಮಾಡಿ, ಚಿಕ್ಕ ನಟ್ ಬೋಲ್ಟ್ ಹಾಕಿ. ನಾಲ್ಕು ಸಮ ಪಟ್ಟಿಗಳಿಂದ ಚೌಕ ಮಾಡಿ ಒಂದು ಮೂಲೆಯನ್ನು ತಳ್ಳಿ ನೋಡಿ. ಅದು ಓರೆಯಾಗಿ ಕುಸಿಯುತ್ತದೆ. ಮೂರು ಪಟ್ಟಿಗಳ ತ್ರಿಕೋನವನ್ನು ತಳ್ಳಿ, ಅದು ಕದಲದು. ಮೂರು ಬಾಹುಗಳು ನಿಗದಿಯಾದರೆ ಕೋನಗಳೂ ನಿಗದಿಯಾಗುತ್ತವೆ ಎಂದು ನಾವು ಹೈಸ್ಕೂಲಿನಲ್ಲಿ ಓದಿದ್ದು ಇದನ್ನೇ. ರೈಲ್ವೆ ಸೇತುವೆಗಳಲ್ಲೂ ಮೊಬೈಲ್ ಟವರುಗಳಲ್ಲೂ ತ್ರಿಕೋನಗಳು ತುಂಬಿರುವುದು ಇದಕ್ಕಾಗಿಯೇ.

ಒಂದು ಸಲಹೆ ಮಾತ್ರ ಇದೆ. ಒಬ್ಬರೇ ಮಾಡಬೇಡಿ. ಮನೆಯಲ್ಲಿ ಬಡಗಿ, ಮೆಕ್ಯಾನಿಕ್, ದರ್ಜಿ, ಮೇಸ್ತ್ರಿ ಕೆಲಸ ಮಾಡಿದ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಓದಿರಲಿ ಬಿಡಲಿ, ಅಳತೆ ಅವರಿಗೆ ಗೊತ್ತಿರುತ್ತದೆ. ಮಾತಿಗೆ ವಿಷಯ ಸಿಗದ ಮನೆಗಳಲ್ಲೂ "ಇದನ್ನು ಎಲ್ಲಿ ಹಾಕಬೇಕು?" ಎಂಬ ಒಂದು ಪ್ರಶ್ನೆ ಸಾಕು. ಈ ಸಲದ ವಿಜ್ಞಾನ ಪ್ರದರ್ಶನಕ್ಕೆ ನಾನೂ ತಂಗಿಯೂ ಬಂದರಿನ ಕ್ರೇನ್ ಮಾದರಿ ತರಲಿದ್ದೇವೆ. ಅದರ ಪ್ರತಿಯೊಂದು ನಟ್ಟನ್ನೂ ಅಜ್ಜ ಮುಟ್ಟಿ ನೋಡಿ ಒಪ್ಪಿದ ಮೇಲೆಯೇ ಅದು ಮನೆಯಿಂದ ಹೊರಡುತ್ತದೆ.