ಮನೆಗೊಂದೇ ಮೊಬೈಲು

ರಾಮನಗುಳಿಯಂಥ ಊರಿನ ಅಕ್ಕ-ತಂಗಿಯರೇ, 2020ರ ಮಳೆಗಾಲ ನೆನಪಿದೆಯಲ್ಲ? ಶಾಲೆಗೆ ಬೀಗ ಬಿದ್ದಾಗ ಬಂದ ‘ವಿದ್ಯಾಗಮ’ದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಸ್ಮಾರ್ಟ್‌ಫೋನ್ ಇದ್ದವರು, ಸಾದಾ ಫೋನಿನವರು, ಏನೂ ಇಲ್ಲದವರು. ಫೋನು ಯಜಮಾನರ ಕಿಸೆಯಲ್ಲಿ ಹೊರಟಿತೆಂದರೆ ಮೊದಲ ಗುಂಪಿನ ಮಗುವೂ ಸಂಜೆವರೆಗೆ ಮೂರನೆಯದಕ್ಕೇ ಸೇರಿದ ಹಾಗೆ!

ಈಗ ಶಾಲೆ ತೆರೆದಿದೆ, ಸರಿ. ಆದರೆ ಪಠ್ಯಪುಸ್ತಕದ ಕ್ಯೂಆರ್ ಚೌಕ ತೆರೆಯಲು ಫೋನೇ ಬೇಕು. ಪೇಟೆಗೆ ಹೋದಾಗ ‘ದೀಕ್ಷಾ’ದಲ್ಲಿ ಪಾಠ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಅರಬೈಲು ಘಟ್ಟದ ಬುಡದಲ್ಲಿ ಸಿಗ್ನಲ್ ಹೋದರೂ ಮನೆಯಲ್ಲಿ ನೋಡಬಹುದು. ನೀವೂ ಪಕ್ಕದಲ್ಲಿ ಕೂತಿರಿ, ಕಾಯಿ ತುರಿಯುತ್ತಲೇ ಆದೀತು.

ಬೇಸರ ಮಾಡ್ಕೋಬೇಡಿ, ಒಂದು ಮಾತು. ಫೋನು ಮೊದಲು ಹೋಗುವುದು ಮಗನ ಕೈಗೆ. ಮಗಳು ಪಾತ್ರೆ ತೊಳೆದು ಬರುವಷ್ಟರಲ್ಲಿ ಚಾರ್ಜು ಮುಗಿದಿರುತ್ತದೆ. ಇವತ್ತು ಸಂಜೆ ಮೊದಲ ಸರದಿ ಅವಳಿಗೆ ಕೊಟ್ಟು ನೋಡಿ.